ಬಾಗಿಲ ಮುಂದಿನ ಕಣಗಲ, ಕುಂಡದೊಳಗಿನ ಔಡಲ ಹಿಂಡಿ: ನಾಯಿ-ಬೆಕ್ಕು ಸಾಕಿದವರಿಗೆ ವಿಷದ ಗಿಡಗಳ ಸಮಗ್ರ ಮಾರ್ಗದರ್ಶಿ

ಎಳೆ ಜೋಳದ ಹೊಲಕ್ಕೆ ದನ ನುಗ್ಗಿತು ಅಂದರೆ ನಮ್ಮ ಕಡೆ ಮನೆಮಂದಿಯೆಲ್ಲ ಎದ್ದುಬಿದ್ದು ಓಡುತ್ತಾರೆ. ಮಳೆ ಕೈಕೊಟ್ಟು, ಬಾಡಿ ನಿಂತ ಮೊಣಕಾಲೆತ್ತರದ ಜೋಳದಲ್ಲಿ ಸೈನೈಡ್ ವಿಷ ಹುಟ್ಟುತ್ತದೆ. ಹೊಟ್ಟೆ ತುಂಬ ಮೇಯ್ದ ಎತ್ತು ಅಲ್ಲೇ ಕುಸಿಯಬಹುದು. ಇದು ಧಾರವಾಡ, ಗದಗ, ಹಾವೇರಿ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮನೆಯ ಮಕ್ಕಳು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಮನೆ ಮಾಡಿ ಒಂದು ಬೆಕ್ಕಿನ ಮರಿ ತಂದುಕೊಂಡಾಗ, ಟೀಪಾಯಿ ಮೇಲಿಟ್ಟ ಲಿಲ್ಲಿ ಹೂ ಅದರ ಜೀವ ತೆಗೆಯಬಹುದು ಅನ್ನುವುದು ಗೊತ್ತಿರುವುದಿಲ್ಲ. ಅವರ ತಪ್ಪೇನಿಲ್ಲ. ದನಕರುಗಳ ಜೊತೆ ನಾವು ತಲೆಮಾರುಗಳಿಂದ ಬಾಳಿದ್ದೇವೆ. ನರ್ಸರಿಯ ಗಿಡ ಮತ್ತು ಮನೆಯೊಳಗಿನ ಬೆಕ್ಕು ಒಂದೇ ಸೂರಿನಡಿ ಬಂದದ್ದು ಮೊನ್ನೆ ಮೊನ್ನೆ.

ನನಗೂ ಗೊತ್ತಿರಲಿಲ್ಲ. ನಾನು ಕಲಿತದ್ದು ನಮ್ಮ ನಾಯಿ ಕರಿಯನಿಂದ.

ನಾಲ್ಕು ವರ್ಷದ ಹಿಂದೆ, ಶ್ರಾವಣದಲ್ಲಿ, ಟೆರೇಸಿನ ಗುಲಾಬಿ ಕುಂಡಗಳಿಗೆ ಗೊಬ್ಬರ ಹಾಕಿದ್ದೆ. ಅಂಗಡಿಯಲ್ಲಿ ಹಿಂಡಿ ಕೇಳಿದ್ದೆ, ಒಂದು ಚೀಲ ಕೊಟ್ಟಿದ್ದರು. ಬೇವಿನ ಹಿಂಡಿ ಅಂದುಕೊಂಡು ತಂದೆ. ಚೀಲದ ಮೇಲೆ ಹಿಂದಿಯಲ್ಲಿ ಬರೆದದ್ದನ್ನು ಓದುವ ಗೋಜಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕರಿಯ ಕುಂಡ ಕೆದರಿ ಮಣ್ಣು ನೆಕ್ಕುತ್ತಿದ್ದ. ಗದರಿಸಿ ಕೆಳಗೆ ಕರೆತಂದೆ, ಅಷ್ಟೆ. ದಿನವೆಲ್ಲ ಚೆನ್ನಾಗಿಯೇ ಇದ್ದ. ರಾತ್ರಿ ರೊಟ್ಟಿ ಮುಟ್ಟಲಿಲ್ಲ. ನಸುಕಿನ ನಾಲ್ಕಕ್ಕೆ ಎದ್ದು ನೋಡಿದರೆ ಪಡಸಾಲೆಯ ತುಂಬ ವಾಂತಿ, ರಕ್ತ ಬೆರೆತ ಭೇದಿ. ಪಕ್ಕದ ಮನೆಯ ಅಜ್ಜಿ ಬಂದು "ಹಾಲು ಕುಡಸ್ರಿ, ಎಲ್ಲಾ ಇಳೀತದ" ಅಂದರು. ಅವನಿಗೆ ತಲೆ ಎತ್ತುವ ಶಕ್ತಿಯೂ ಇರಲಿಲ್ಲ.

ಡಾಕ್ಟರು ಕೇಳಿದ ಮೊದಲ ಮಾತು, "ಏನ್ ತಿಂದಾನ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಕುಂಡ ನೆನಪಾಯಿತು. ಮನೆಗೆ ಓಡಿಹೋಗಿ ಚೀಲ ತಂದೆ. ಅದರ ಮೇಲೆ "ಅರಂಡಿ ಖಲಿ" ಅಂತ ಇತ್ತು. ಅರಂಡಿ ಅಂದರೆ ಔಡಲ. ಮೂರು ದಿನ ಡ್ರಿಪ್ ಹಾಕಿಸಿದೆವು, ಕರಿಯ ಉಳಿದುಕೊಂಡ. ಬೆಳಿಗ್ಗೆ ಒಂಬತ್ತರಿಂದ ನಸುಕಿನ ನಾಲ್ಕರವರೆಗೆ ಹತ್ತೊಂಬತ್ತು ಗಂಟೆ ನನ್ನ ಕೈಯಲ್ಲಿತ್ತು. ಸುಮ್ನೆ ಕಳೆದುಬಿಟ್ಟೆ. ಆ ಹತ್ತೊಂಬತ್ತು ಗಂಟೆ ನಿಮ್ಮ ಕೈಯಿಂದ ಜಾರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇದನ್ನು ಓದಿ ಅಂಗಳದ ಗಿಡಗಳನ್ನೆಲ್ಲ ಕಿತ್ತು ಹಾಕಬೇಡಿ. ಇಂಟರ್ನೆಟ್ಟಿನಲ್ಲಿ ನೂರಿನ್ನೂರು ಗಿಡಗಳ ಉದ್ದ ಪಟ್ಟಿ ಸಿಗುತ್ತದೆ. ಅದನ್ನು ನೋಡಿದರೆ ಹೆದರಿಕೆ ಹುಟ್ಟುತ್ತದೆ, ತಿಳಿವಳಿಕೆ ಬರುವುದಿಲ್ಲ. ಆ ಪಟ್ಟಿಯಲ್ಲಿ ಒಂದು ವಾಂತಿಗೆ ಮುಗಿಯುವ ಲೋಳೆಸರವೂ ಇರುತ್ತದೆ, ಎರಡು ಬೀಜಕ್ಕೆ ನಾಯಿಯನ್ನು ಕೊಲ್ಲುವ ಸೈಕಾಸೂ ಇರುತ್ತದೆ. ಯಾವುದು ಎಷ್ಟು ಅಪಾಯ ಅಂತ ಬೇರೆ ಮಾಡಿಕೊಳ್ಳುವುದೇ ಮುಖ್ಯ ಕೆಲಸ.

ಹೆಜ್ಜೆ 1: ಪ್ರಾಣಿಯ ಎತ್ತರಕ್ಕೆ ಬಗ್ಗಿ ಮನೆ ಸುತ್ತಿ

ಒಂದು ರವಿವಾರ ಬೆಳಿಗ್ಗೆ ಅರ್ಧ ಗಂಟೆ ಸಾಕು. ಮೊಬೈಲ್ ಹಿಡಿದು ಅಂಗಳ, ಹಿತ್ತಲು, ಟೆರೇಸು, ಕಿಟಕಿ, ದೇವರ ಮನೆ ಎಲ್ಲ ಕಡೆ ಗಿಡಗಳ ಫೋಟೊ ತೆಗೆಯಿರಿ. ನಾಯಿ ಇದ್ದರೆ ಮೊಣಕಾಲೂರಿ ನೋಡಿ. ನಿಂತಾಗ ಕಾಣದ ಉದುರಿದ ಬೀಜ, ಕುಂಡದ ಕೆಳಗೆ ಬಿದ್ದ ಎಲೆ, ಬೇಲಿಯ ಸಂದಿಯಲ್ಲಿ ತಾನೇ ಹುಟ್ಟಿದ ಕಳೆ ಆಗ ಕಾಣುತ್ತದೆ. ಬೆಕ್ಕಿದ್ದರೆ ಮೇಲೆಯೂ ನೋಡಬೇಕು. ಬೀರುವಿನ ಮೇಲಿಟ್ಟ ಮನಿ ಪ್ಲಾಂಟ್ ಬೆಕ್ಕಿಗೆ ದೂರವೇನಲ್ಲ.

ಹೆಸರು ಗೊತ್ತಿಲ್ಲದ ಗಿಡ ಇದ್ದರೆ ನರ್ಸರಿಯವರನ್ನು ಕೇಳಿ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ, ಗಿಡ ಬಲ್ಲವರಿಗೆ ನಮ್ಮೂರಲ್ಲಿ ಬರವಿಲ್ಲ. ಮೊಬೈಲಿನ ಆ್ಯಪ್ ಹೇಳಿದ ಹೆಸರನ್ನು ಮಾತ್ರ ಹಾಗೇ ನಂಬಬೇಡಿ, ಇನ್ನೊಬ್ಬರಿಂದ ಖಾತ್ರಿ ಮಾಡಿಕೊಳ್ಳಿ. ಮನೆಮಾತಿನ ಹೆಸರೂ ಮೋಸ ಮಾಡುತ್ತದೆ. ಪೀಸ್ ಲಿಲ್ಲಿ, ಸ್ಪೈಡರ್ ಲಿಲ್ಲಿ, ರೇನ್ ಲಿಲ್ಲಿ ಇವೆಲ್ಲ ಬೇರೆ ಬೇರೆ ಜಾತಿ, ಎಲ್ಲದರ ವಿಷವೂ ಒಂದೇ ಅಲ್ಲ.

ಹೆಜ್ಜೆ 2: ಜೀವ ತೆಗೆಯುವ ಗಿಡಗಳನ್ನು ಮೊದಲು ಗುರುತಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಅವಳಿ ನಗರದ ಮನೆಗಳಲ್ಲಿ, ಬೀದಿಗಳಲ್ಲಿ ದಿನಾ ಕಾಣುವ ಗಿಡಗಳೇ ಇವು.

ಕಣಗಲ. ಕೆಂಪು, ಬಿಳಿ, ಗುಲಾಬಿ, ಯಾವ ಬಣ್ಣದ್ದಾದರೂ ಒಂದೇ. ಎಲೆ, ಹೂ, ತೊಗಟೆ, ಬೇರು ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಿಷ ಇದೆ. ಒಣಗಿದರೂ ಅದು ಹೋಗುವುದಿಲ್ಲ. ಹೂ ಇಟ್ಟ ನೀರಿಗೂ ಇಳಿಯುತ್ತದೆ. ಹಸಿ ಎಲೆ ಕಹಿ, ಹಾಗಾಗಿ ನಾಯಿ ಅದನ್ನು ಇಷ್ಟಪಟ್ಟು ತಿನ್ನುವುದು ಕಡಿಮೆ. ಅಪಾಯ ಬರುವುದು ಗಿಡ ಕತ್ತರಿಸಿದ ದಿನ. ಕೊಂಬೆಗಳು ಅಂಗಳದಲ್ಲಿ ಬಿದ್ದಿರುತ್ತವೆ, ಮಕ್ಕಳು ಒಂದು ಕಡ್ಡಿ ಎತ್ತಿ ಎಸೆಯುತ್ತಾರೆ, ನಾಯಿ ಕಚ್ಚಿಕೊಂಡು ಬಂದು ಕೂತು ಅಗಿಯುತ್ತದೆ. ಕಣಗಲ ಕತ್ತರಿಸಿದರೆ ಆ ಕಸ ಅಂದೇ ಹೊರಗೆ ಹೋಗಬೇಕು. ಅದನ್ನು ಸುಡಬೇಡಿ, ಹೊಗೆಯೂ ಒಳ್ಳೆಯದಲ್ಲ.

ಗಂಟೆಯಂಥ ಹಳದಿ ಹೂ ಬಿಡುವ ಹಳದಿ ಕಣಗಲದ್ದೂ ಇದೇ ಕಥೆ. ಅದರ ಕಾಯಿಯೊಳಗಿನ ಬೀಜದಲ್ಲಿ ವಿಷ ಇನ್ನೂ ಜಾಸ್ತಿ. ಈಗೀಗ ಎಲ್ಲರ ಬಾಲ್ಕನಿಯಲ್ಲೂ ಕಾಣುವ ಅಡೇನಿಯಂ, ಅದೇ ಬುಡ ದಪ್ಪಗಿರುವ ಕುಳ್ಳ ಗಿಡ, ಕಣಗಲದ ಕುಟುಂಬದ್ದೇ. ಅದೂ ಹೃದಯಕ್ಕೇ ಹೊಡೆಯುತ್ತದೆ.

ಔಡಲ ಮತ್ತು ಗುಲಗಂಜಿ. ಎರಡರ ವಿಷವೂ ಬೀಜದಲ್ಲಿದೆ. ಬೀಜದ ಸಿಪ್ಪೆ ಗಟ್ಟಿ. ಅಗಿಯದೆ ನುಂಗಿದರೆ ಹಾಗೇ ಹೊರಗೆ ಹೋಗಿಬಿಡಬಹುದು, ಹಲ್ಲಿಗೆ ಸಿಕ್ಕು ಒಡೆದರೆ ಕೆಲವೇ ಬೀಜ ಸಾಕು. ಪತ್ತಾರರು ಬಂಗಾರ ತೂಗಲು ಗುಲಗಂಜಿ ಇಟ್ಟುಕೊಳ್ಳುತ್ತಿದ್ದರು, ಎಷ್ಟೋ ಮನೆಯ ಹಳೇ ಡಬ್ಬಿಗಳಲ್ಲಿ ಇನ್ನೂ ಇವೆ. ತೂತು ಹಾಕಿ ಸರ ಪೋಣಿಸಿದ ಗುಲಗಂಜಿ ಹೆಚ್ಚು ಕೆಟ್ಟದ್ದು, ಏಕೆಂದರೆ ಸಿಪ್ಪೆ ಆಗಲೇ ಒಡೆದಿರುತ್ತದೆ. ಔಡಲ ಎಣ್ಣೆಯಲ್ಲಿ ಆ ವಿಷ ಇರುವುದಿಲ್ಲ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಇರುತ್ತದೆ. ಕರಿಯ ತಿಂದದ್ದು ಅದನ್ನೇ. ತಿಂದ ಕೂಡಲೇ ಏನೂ ಕಾಣುವುದಿಲ್ಲ, ಆರು ಗಂಟೆಯಿಂದ ಎರಡು ದಿನದೊಳಗೆ ವಾಂತಿ-ಭೇದಿ ಶುರುವಾಗುತ್ತದೆ. ಬೇಲಿಗೆ ಹಚ್ಚುವ ಜಟ್ರೋಫಾ, ಅಂದರೆ ಕಾಡು ಔಡಲದ ಬೀಜವನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳಿ.

ಸೈಕಾಸ್. ಧಾರವಾಡದ ಮಾಳಮಡ್ಡಿ, ಸಪ್ತಾಪುರದ ಹಳೆಯ ಬಂಗಲೆಗಳ ಮೆಟ್ಟಿಲ ಎರಡೂ ಬದಿಗೆ ಈ ಗಿಡ ಇರುತ್ತದೆ. ನೋಡಲು ಗಿಡ್ಡ ತಾಳೆಯಂತೆ, ಗರಿ ಗಟ್ಟಿ, ಚೂಪು. ನರ್ಸರಿಯಲ್ಲಿ ಸಾಗೋ ಪಾಮ್ ಅಂತಲೂ ಮಾರುತ್ತಾರೆ. ಹೆಸರು ಕೇಳಿ ಸಾಬೂದಾಣಿಯ ಗಿಡ ಅಂದುಕೊಳ್ಳಬೇಡಿ. ನಾವು ತಿನ್ನುವ ಸಾಬೂದಾಣಿ ಮರಗೆಣಸಿನ ಹಿಟ್ಟಿನಿಂದ ಆಗುತ್ತದೆ. ಸೈಕಾಸ್ ಗಿಡದ ಎಲ್ಲ ಭಾಗವೂ ವಿಷ, ಬೀಜ ಅತಿ ವಿಷ. ಒಂದೆರಡು ಬೀಜಕ್ಕೆ ನಾಯಿ ಸತ್ತದ್ದಿದೆ. ಮೊದಲು ವಾಂತಿಯಾಗುತ್ತದೆ, ಎರಡು-ಮೂರು ದಿನದಲ್ಲಿ ಲಿವರ್ ಕೈಬಿಡುತ್ತದೆ. ಮನೆಯಲ್ಲಿ ನಾಯಿಮರಿ ಇದ್ದರೆ ಈ ಒಂದು ಗಿಡವನ್ನು ಮಾತ್ರ ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತೇನೆ. ನಾಯಿ ಇಲ್ಲದ ಮನೆಗೆ ಕೊಡಿ, ಅಷ್ಟೆ.

ಲಿಲ್ಲಿ, ಬೆಕ್ಕಿಗೆ. ಇದನ್ನು ಬೇರೆಯಾಗಿ ಹೇಳಲೇಬೇಕು. ಮದುವೆ, ಗೃಹಪ್ರವೇಶದ ಬೊಕ್ಕೆಗಳಲ್ಲಿ ಬರುವ ದೊಡ್ಡ, ಆರು ಎಸಳಿನ, ಘಮಘಮ ಲಿಲ್ಲಿ ಇದೆಯಲ್ಲ, ಅದು ಮತ್ತು ಡೇ ಲಿಲ್ಲಿ ಬೆಕ್ಕಿನ ಕಿಡ್ನಿಯನ್ನು ಹಾಳು ಮಾಡುತ್ತವೆ. ನಾಯಿಗೆ ಅಷ್ಟು ಅಪಾಯವಿಲ್ಲ, ಹೊಟ್ಟೆ ಕೆಡಬಹುದು. ಬೆಕ್ಕಿಗೆ ಒಂದು ಎಲೆಯ ತುಣುಕು, ಹೂದಾನಿಯ ನೀರು, ಕಡೆಗೆ ಹೂವಿನ ಪರಾಗ ಸಾಕು. ನೋಡಿದ್ದೀರಾ ಆ ಪರಾಗವನ್ನು? ಇಟ್ಟಿಗೆ ಪುಡಿಯಂಥ ಬಣ್ಣ, ಬಟ್ಟೆಗೆ ತಾಕಿದರೆ ಕಲೆ ಬಿಡುವುದಿಲ್ಲ. ಬೆಕ್ಕು ಹೂದಾನಿಯ ಪಕ್ಕ ಹಾದುಹೋಗುವಾಗ ಬೆನ್ನಿಗೆ ಉದುರುತ್ತದೆ. ಬೆಕ್ಕಿನ ಸ್ವಭಾವ ಗೊತ್ತಲ್ಲ, ಮೈಗೆ ಏನಾದರೂ ಅಂಟಿದರೆ ಕೂತು ನೆಕ್ಕಿ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತದೆ. ಹೂವನ್ನು ಬಾಯಿಗೆ ಹಾಕದೆಯೇ ವಿಷ ಹೊಟ್ಟೆಗೆ ಹೋಯಿತು.

ಮೊದಲ ಕೆಲ ಗಂಟೆ ವಾಂತಿ, ಮಂಕು. ಆಮೇಲೆ ಸುಧಾರಿಸಿದಂತೆ ಕಾಣುತ್ತದೆ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಒಂದರಿಂದ ಮೂರು ದಿನದೊಳಗೆ ಕಿಡ್ನಿ ನಿಲ್ಲುತ್ತದೆ. ಹದಿನೆಂಟು ಗಂಟೆಯೊಳಗೆ ಡ್ರಿಪ್ ಚಿಕಿತ್ಸೆ ಶುರುವಾದರೆ ಉಳಿಯುವ ಅವಕಾಶ ಚೆನ್ನಾಗಿರುತ್ತದೆ, ತಡವಾದಷ್ಟೂ ಕಷ್ಟ. ಬೆಕ್ಕಿರುವ ಮನೆಗೆ ಲಿಲ್ಲಿ ಬರಲೇಬಾರದು. ಯಾರಾದರೂ ಬೊಕ್ಕೆ ತಂದರೆ ಬಾಗಿಲಲ್ಲೇ ಲಿಲ್ಲಿ ಆರಿಸಿ ತೆಗೆದುಬಿಡಿ. ಸಂಕೋಚ ಬೇಡ.

ಮದಗುಣಿಕೆ, ಅಂದರೆ ದತ್ತೂರಿ. ತಿಪ್ಪೆ, ಖಾಲಿ ಸೈಟು, ರಸ್ತೆ ಬದಿಯಲ್ಲಿ ತಾನೇ ಹುಟ್ಟುತ್ತದೆ. ತಿಂದ ಪ್ರಾಣಿಯ ಕಣ್ಣಿನ ಪಾಪೆ ದೊಡ್ಡದಾಗುತ್ತದೆ, ಬಾಯಿ ಒಣಗುತ್ತದೆ, ಎದೆ ಜೋರಾಗಿ ಬಡಿಯುತ್ತದೆ, ಎಲ್ಲೆಂದರಲ್ಲಿ ಡಿಕ್ಕಿ ಹೊಡೆಯುತ್ತಾ ತಿರುಗುತ್ತದೆ. ಹಳೆಯ ತೋಟಗಳಲ್ಲಿ ಇನ್ನೊಂದು ಗಿಡ ಇದೆ, ಹೂ ಮೊದಲ ದಿನ ನೇರಳೆ, ಆಮೇಲೆ ತಿಳಿ ನೇರಳೆ, ಕಡೆಗೆ ಬಿಳಿ. ಬ್ರುನ್‌ಫೆಲ್ಸಿಯಾ ಅಂತ ಹೆಸರು. ಚೆಂದದ ಗಿಡ, ಆದರೆ ನಾಯಿ ತಿಂದರೆ ಮೈ ನಡುಗಿ ಫಿಟ್ಸ್ ಬರುತ್ತದೆ. ಮಳೆಗಾಲದಲ್ಲಿ ಬೇಲಿ ಮೇಲೆ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಯ ಗಡ್ಡೆ ಕೂಡ ಜೀವಕ್ಕೇ ಅಪಾಯ.

ಹೆಜ್ಜೆ 3: ಬಾಯಿ ಸುಡುವ, ಹೊಟ್ಟೆ ಕೆಡಿಸುವ ಗಿಡಗಳಿಗೆ ಜಾಗ ಬದಲಿಸಿ

ಮನಿ ಪ್ಲಾಂಟ್, ಸಿಂಗೋನಿಯಂ, ಪೀಸ್ ಲಿಲ್ಲಿ, ಡಿಫೆನ್‌ಬೇಕಿಯಾ, ಮಾನ್‌ಸ್ಟೆರಾ, ಕೆಸುವಿನ ಜಾತಿಯ ಬಣ್ಣದ ಎಲೆ ಗಿಡಗಳು. ಇವುಗಳ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿವೆ. ಕಚ್ಚಿದ ಕ್ಷಣದಲ್ಲೇ ಬಾಯಿ ಚುಚ್ಚುತ್ತದೆ. ಸರಿಯಾಗಿ ಬೇಯದ ಕೆಸುವಿನ ಪತ್ರೊಡೆ ತಿಂದು ಗಂಟಲು ಕೆರೆದವರಿಗೆ ಇದು ಹೇಗಿರುತ್ತದೆ ಅಂತ ಗೊತ್ತು. ಪ್ರಾಣಿ ಜೊಲ್ಲು ಸುರಿಸುತ್ತದೆ, ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತದೆ. ಉರಿ ಆಗುವುದರಿಂದ ಹೆಚ್ಚು ತಿನ್ನುವುದೂ ಇಲ್ಲ. ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ನಾಲಿಗೆ, ಗಂಟಲು ಊದಿ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತಡಮಾಡಬಾರದು.

ಎಕ್ಕೆ, ಕಳ್ಳಿ ಜಾತಿಯ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಎಕ್ಕೆಯಲ್ಲಿ ಹೃದಯಕ್ಕೆ ಹೊಡೆಯುವ ವಿಷವೂ ಇದೆ, ಹಾಗಾಗಿ ತಿಂದರೆ ಅದನ್ನು ಹಗುರವಾಗಿ ನೋಡಬೇಡಿ.

ಲೋಳೆಸರ, ಸ್ನೇಕ್ ಪ್ಲಾಂಟ್, ಸೇವಂತಿಗೆ ಇವು ವಾಂತಿ-ಭೇದಿಗೆ ಮುಗಿಯುವಂಥವು. ನಿತ್ಯಪುಷ್ಪ ಸ್ವಲ್ಪ ತಿಂದರೆ ಹೊಟ್ಟೆ ಕೆಡುತ್ತದೆ, ಜಾಸ್ತಿ ತಿಂದರೆ ನರಕ್ಕೆ ಹತ್ತುತ್ತದೆ. ಇವನ್ನೆಲ್ಲ ತೂಗುಕುಂಡಕ್ಕೋ ಜಾಲರಿ ಹಾಕಿದ ಮೂಲೆಗೋ ಸಾಗಿಸಿದರೆ ಸಾಕು.

ಹೆಜ್ಜೆ 4: ಗಿಡವಲ್ಲದ ಕಡೆಯೂ ವಿಷ ಹುಡುಕಿ

ಇದನ್ನು ಯಾರೂ ಹೇಳುವುದಿಲ್ಲ. ನನ್ನ ಮಟ್ಟಿಗೆ ನಮ್ಮ ಊರಿನ ಮನೆಗಳಲ್ಲಿ ಅತಿ ಹೆಚ್ಚು ಗಮನ ಬೇಕಾದದ್ದು ಇಲ್ಲೇ.

ದೇವರ ಪತ್ರಿ. ಗಣಪತಿಯ 21 ಪತ್ರಿಗಳಲ್ಲಿ ಎಕ್ಕೆ, ದತ್ತೂರಿ, ಕಣಗಲ ಮೂರೂ ಇವೆ. ಶನಿವಾರ ಹನುಮಪ್ಪನಿಗೆ ಎಕ್ಕೆ ಎಲೆಯ ಹಾರ ಹಾಕುತ್ತೇವೆ, ಶಿವನಿಗೆ ದತ್ತೂರಿ ಏರಿಸುತ್ತೇವೆ. ಪೂಜೆ ಬಿಡಬೇಕಾಗಿಲ್ಲ. ಪೂಜೆ ಮುಗಿದ ಮೇಲೆ ಆ ನಿರ್ಮಾಲ್ಯ ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ನೋಡಿ. ಹಿತ್ತಲ ಗಿಡದ ಬುಡಕ್ಕೆ ಸುರಿಯುವುದು ನಮ್ಮ ರೂಢಿ, ಅಲ್ವಾ? ಅದಕ್ಕೆ ತುಪ್ಪ, ಬೆಲ್ಲ, ಪಂಚಾಮೃತದ ವಾಸನೆ ಹತ್ತಿರುತ್ತದೆ. ಬರೀ ಕಹಿ ಎಲೆಯನ್ನು ಮೂಸಿಯೂ ನೋಡದ ನಾಯಿ, ಪಂಚಾಮೃತ ಹತ್ತಿದ ಎಲೆಯನ್ನು ನೆಕ್ಕುತ್ತದೆ, ಅಗಿಯುತ್ತದೆ. ನಿರ್ಮಾಲ್ಯಕ್ಕೆ ಮುಚ್ಚಳ ಇರುವ ಒಂದು ಬಕೆಟ್ ಇಡಿ.

ಗೊಬ್ಬರ. ಔಡಲ ಹಿಂಡಿ ಬೇಡವೇ ಬೇಡ. ಅಂಗಡಿಯಲ್ಲಿ ಬರೀ "ಹಿಂಡಿ ಕೊಡ್ರಿ" ಅಂದರೆ ಇದ್ದದ್ದು ಕೊಡುತ್ತಾರೆ. ಯಾವ ಹಿಂಡಿ ಅಂತ ಕೇಳಿ, ಚೀಲದ ಮೇಲಿನ ಅಕ್ಷರ ಓದಿ, ಹಿಂದಿಯಲ್ಲಿದ್ದರೆ ಓದಿಸಿ. ಎಲುಬಿನ ಪುಡಿ ಬೆರೆಸಿದ ಗೊಬ್ಬರ ನಾಯಿಯನ್ನು ಕರೆದು ತರುತ್ತದೆ. ಅದರಲ್ಲಿ ಔಡಲ ಹಿಂಡಿಯೂ ಸೇರಿದ್ದರೆ ಇನ್ನೂ ಕೆಟ್ಟದ್ದು. ನಾನೀಗ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಬಿಟ್ಟು ಬೇರೆ ಹಾಕುವುದಿಲ್ಲ. ಗುಲಾಬಿ ಅದಕ್ಕೇ ಚೆನ್ನಾಗಿ ಬರುತ್ತಿದೆ.

ಅಡುಗೆಮನೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೆಕ್ಕಿಗೆ ಮೈತೂಕದ ಕೆಜಿಗೆ 5 ಗ್ರಾಂ ಉಳ್ಳಾಗಡ್ಡಿ, ನಾಯಿಗೆ ಕೆಜಿಗೆ 15ರಿಂದ 30 ಗ್ರಾಂ ತೊಂದರೆ ಕೊಡಲು ಸಾಕು. ನಾಲ್ಕು ಕೆಜಿಯ ಬೆಕ್ಕಿಗೆ 20 ಗ್ರಾಂ ಅಂದರೆ ಒಂದು ಸಣ್ಣ ಗಡ್ಡೆಯೂ ಅಲ್ಲ. ಬಳ್ಳೊಳ್ಳಿಯ ವಿಷ ಇದಕ್ಕಿಂತ ಜೋರು. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಉಳಿದ ಸಾರು, ಪಲ್ಯಕ್ಕೆ ರೊಟ್ಟಿ ಕಿವುಚಿ ನಾಯಿಗೆ ಹಾಕುವುದು ಎಲ್ಲ ಮನೆಯಲ್ಲೂ ಇದೆ. ದಿನಾ ಸ್ವಲ್ಪ ಸ್ವಲ್ಪ ಹೋದರೂ ಸೇರಿಕೊಳ್ಳುತ್ತದೆ. ವಸಡು ಬಿಳಿಚುವುದು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು ಕೆಲವು ದಿನದ ಮೇಲೆ, ಆಗ ಯಾರಿಗೂ ಸಾರು ನೆನಪಿರುವುದಿಲ್ಲ. ಒಗ್ಗರಣೆಗೆ ಮೊದಲೇ ನಾಯಿಯ ಪಾಲು ತೆಗೆದಿಟ್ಟರೆ ಮುಗಿಯಿತು.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ಅಪಾಯ. ಎಷ್ಟು ತಿಂದರೆ ಅಂತ ಲೆಕ್ಕ ಹಾಕಿ ಕೂರಬೇಡಿ. ಒಂದು ನಾಯಿ ಮುಷ್ಟಿ ತುಂಬ ತಿಂದು ಅರಗಿಸಿಕೊಳ್ಳುತ್ತದೆ, ಇನ್ನೊಂದು ನಾಲ್ಕಕ್ಕೆ ಮಲಗುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ ಈಗ ಪಶುವೈದ್ಯರು ಹೇಳುತ್ತಾರೆ. ಆ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಹಾಗಾಗಿ ಹುಣಸೆಯನ್ನೂ ನಾಯಿಯಿಂದ ದೂರ ಇಡಿ. ಪಂಚಮಿ ಹಬ್ಬದಲ್ಲಿ ಉಂಡಿ ಕಟ್ಟುವಾಗ ಒಣದ್ರಾಕ್ಷಿಯ ತಾಟು ನೆಲದ ಮೇಲಿರುತ್ತದೆ, ಮಕ್ಕಳು ಪ್ರೀತಿಯಿಂದ ನಾಯಿಯ ಬಾಯಿಗೂ ಒಂದು ಉಂಡಿ ಇಡುತ್ತಾರೆ. ಮಕ್ಕಳಿಗೆ ಮೊದಲೇ ಹೇಳಿಡಿ.

ಹೆಜ್ಜೆ 5: ತೊಂದರೆ ಬರುವ ಮೊದಲೇ ತಯಾರಾಗಿ

ಇದಕ್ಕೆ ಹತ್ತು ನಿಮಿಷ ಸಾಕು. ಹತ್ತಿರದ ಇಬ್ಬರು ಪಶುವೈದ್ಯರ ನಂಬರು ಮೊಬೈಲಿನಲ್ಲಿರಲಿ. ರಾತ್ರಿ, ರವಿವಾರ ಸಿಗುತ್ತಾರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಗದಗಿನವರಿಗೆ ಅಲ್ಲಿಯೇ ಪಶುವೈದ್ಯಕೀಯ ಕಾಲೇಜು ಇದೆ, ಅದರ ಆಸ್ಪತ್ರೆಯ ಸಮಯ ವಿಚಾರಿಸಿಡಿ. 1962ಕ್ಕೆ ಕರೆ ಮಾಡಿದರೆ ಸರ್ಕಾರದ ಸಂಚಾರಿ ಪಶುಚಿಕಿತ್ಸೆಯವರು ಸಿಗುತ್ತಾರೆ, ಆದರೆ ಅದು ಹೆಚ್ಚಾಗಿ ಹಳ್ಳಿಯ ದನಕರುಗಳಿಗಾಗಿ ಇರುವ ಸೇವೆ. ಅದೊಂದನ್ನೇ ನಂಬಿ ಕೂರಬೇಡಿ.

ಪ್ರಾಣಿಯ ತೂಕ ಬರೆದಿಡಿ. ನೀವು ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ.

ಇನ್ನೊಂದು, ಆರೋಗ್ಯವಾಗಿರುವಾಗ ವಸಡು ಹೇಗಿರುತ್ತದೆ ಅಂತ ನೋಡಿ ಅಭ್ಯಾಸ ಮಾಡಿಕೊಳ್ಳಿ. ನಾಯಿಯ ಮೇಲಿನ ತುಟಿಯನ್ನು ಮೆಲ್ಲಗೆ ಎತ್ತಿ. ಕೋರೆಹಲ್ಲಿನ ಮೇಲೆ ವಸಡು ತಿಳಿ ಗುಲಾಬಿ ಬಣ್ಣದಲ್ಲಿ, ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಹೆಬ್ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಯಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಗೆ ಬರಬೇಕು. ಕೆಲವು ನಾಯಿಗಳ ವಸಡೇ ಕಪ್ಪು, ನಮ್ಮ ಕರಿಯನದ್ದೂ ಹಾಗೇ. ಅಂಥದ್ದಕ್ಕೆ ಕೆಳಗಿನ ಕಣ್ಣುರೆಪ್ಪೆಯ ಒಳಭಾಗ ನೋಡಬೇಕು. ಆರೋಗ್ಯದ ಬಣ್ಣ ಗೊತ್ತಿದ್ದರೆ ಮಾತ್ರ ಕೆಟ್ಟ ದಿನದ ಬಣ್ಣ ಗೊತ್ತಾಗುತ್ತದೆ.

ಹೆಜ್ಜೆ 6: ತಿಂದುಬಿಟ್ಟಿತು ಅಂದಾಗ ಮಾಡಬೇಕಾದ್ದು

1. ಪ್ರಾಣಿಯನ್ನು ಗಿಡದಿಂದ ದೂರ ತನ್ನಿ. ಬಾಯಲ್ಲಿ ಎಲೆ, ಬೀಜ ಉಳಿದಿದ್ದರೆ ಬೆರಳಿನಿಂದ ತೆಗೆಯಿರಿ. ಕಚ್ಚುವ ಹಾಗೆ ಕಂಡರೆ ಕೈ ಹಾಕಬೇಡಿ.

2. ಗಡಿಯಾರ ನೋಡಿ. ಎಷ್ಟು ಗಂಟೆಗೆ, ಏನು, ಅಂದಾಜು ಎಷ್ಟು ತಿಂದಿತು ಅಂತ ಬರೆಯಿರಿ.

3. ಡಾಕ್ಟರಿಗೆ ಈಗಲೇ ಫೋನ್ ಮಾಡಿ. ಲಕ್ಷಣ ಕಾಣಲಿ ಅಂತ ಕಾಯಬೇಡಿ. ಹೊಟ್ಟೆಯಿಂದ ವಿಷ ಹೊರಗೆ ತೆಗೆಯಲು ಸಾಧ್ಯವಿರುವುದು ಹೆಚ್ಚಾಗಿ ಮೊದಲ ಒಂದೆರಡು ಗಂಟೆ ಮಾತ್ರ.

4. ಗಿಡದ ಒಂದು ಕೊಂಬೆ, ಬೀಜ ಅಥವಾ ಗೊಬ್ಬರದ ಚೀಲ ಜೊತೆಗೆ ಒಯ್ಯಿರಿ. ವಾಂತಿ ಮಾಡಿದ್ದರೆ ಅದನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಿ. ಹೇಸಿಗೆ ಅನ್ನಬೇಡಿ, ಡಾಕ್ಟರಿಗೆ ಅದರಿಂದಲೇ ಅರ್ಧ ಉತ್ತರ ಸಿಗುತ್ತದೆ.

5. ಹಾಲು ಬರುವ ಗಿಡ ಮೈಗೆ ತಾಕಿದ್ದರೆ ಕೈಗೆ ಗವಸು ಹಾಕಿಕೊಂಡು ಸಾಧಾರಣ ಸೋಪಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಹತ್ತು-ಹದಿನೈದು ನಿಮಿಷ ಶುದ್ಧ ನೀರು ಹಾಯಿಸುತ್ತಾ ಇರಿ, ಆಮೇಲೆ ಆಸ್ಪತ್ರೆ. ಬೆಕ್ಕಿನ ಮೈಮೇಲೆ ಲಿಲ್ಲಿ ಪರಾಗ ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ನೆಕ್ಕಲು ಬಿಡಬೇಡಿ, ಹಾಗೇ ಟವೆಲಿನಲ್ಲಿ ಸುತ್ತಿ ಹೊರಡಿ.

6. ಮನಿ ಪ್ಲಾಂಟ್ ಜಾತಿಯದ್ದು ಕಚ್ಚಿದ್ದರೆ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಾನಾಗಿ ಕುಡಿದರೆ ನೀರು ಕೊಡಿ, ಒಂದೆರಡು ಚಮಚ ಮೊಸರು ನೆಕ್ಕಿಸಬಹುದು. ಉರಿ ಕಡಿಮೆಯಾಗುತ್ತದೆ.

ಇನ್ನು ಮಾಡಬಾರದ್ದು. ಇದನ್ನು ಮನೆಯ ಹಿರಿಯರಿಗೂ ಓದಿ ಹೇಳಿ, ಏಕೆಂದರೆ ಪ್ರೀತಿಯಿಂದಲೇ ತಪ್ಪು ಆಗುವುದು ಇಲ್ಲಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ಜಾಸ್ತಿಯಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ, ಗಿಡದ ವಿಷಕ್ಕಿಂತ ಮೊದಲು ಉಪ್ಪು ಕೊಲ್ಲಬಹುದು. ಗಂಟಲಿಗೆ ಬೆರಳು ಹಾಕಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ಅದು ನಾಯಿಗೆ ಮಾತ್ರ, ಅದೂ ಡಾಕ್ಟರು ಫೋನಿನಲ್ಲಿ ಅಳತೆ ಹೇಳಿದರೆ ಮಾತ್ರ. ಬೆಕ್ಕಿಗೆ ಎಂದೂ ಇಲ್ಲ. ಎಕ್ಕೆ, ಕಳ್ಳಿಯ ಹಾಲು ಅಥವಾ ಕೆಸುವಿನ ಜಾತಿ ತಿಂದಿದ್ದರೆ ವಾಂತಿ ಮಾಡಿಸಲೇಬಾರದು, ಇಳಿಯುವಾಗ ಸುಟ್ಟ ಗಂಟಲು ಹತ್ತುವಾಗ ಮತ್ತೆ ಸುಡುತ್ತದೆ. ಮಂಪರು ಇದ್ದರೆ, ಫಿಟ್ಸ್ ಬಂದಿದ್ದರೆ, ಪಗ್‌ನಂಥ ಚಪ್ಪಟೆ ಮೂತಿಯ ನಾಯಿಯಾದರೆ ವಾಂತಿ ಪುಪ್ಪುಸಕ್ಕೆ ಹೋಗುವ ಭಯ. ಮೊಲಕ್ಕಂತೂ ವಾಂತಿ ಮಾಡಲು ಬರುವುದೇ ಇಲ್ಲ.

ಹಾಲು, ತುಪ್ಪ, ಹಸಿ ಮೊಟ್ಟೆ ಯಾವುದೂ ಈ ವಿಷಗಳನ್ನು ಇಳಿಸುವುದಿಲ್ಲ. ಮಲಗಿದ ಪ್ರಾಣಿಯ ಬಾಯಿ ತೆರೆದು ಹಾಲು ಹೊಯ್ದರೆ ಉಸಿರಿನ ಕೊಳವೆಗೆ ಹೋಗುತ್ತದೆ. ಆ ಅಜ್ಜಿ ಕೆಟ್ಟದ್ದು ಹೇಳಲಿಲ್ಲ, ದನಕ್ಕೆ ಮಾಡಿದ್ದನ್ನು ನೋಡಿ ಬೆಳೆದವರು. ಮನುಷ್ಯರ ಮಾತ್ರೆಯನ್ನೂ ಕೊಡಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ಹೆಜ್ಜೆ 7: ಆಸ್ಪತ್ರೆಯಿಂದ ಬಂದ ಮೇಲೆ

"ಈಗ ಆರಾಮ ಅದಾನ" ಅಂತ ಅದೇ ದಿನ ಮರೆಯಬೇಡಿ. ಲಿಲ್ಲಿ ತಿಂದ ಬೆಕ್ಕಿಗೆ ಎರಡು-ಮೂರು ದಿನ ಡ್ರಿಪ್, ಕಿಡ್ನಿಯ ರಕ್ತ ಪರೀಕ್ಷೆ ಬೇಕಾಗುತ್ತದೆ. ಸೈಕಾಸ್ ತಿಂದಿದ್ದರೆ ಲಿವರ್ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕು. ಕಣಗಲಕ್ಕೆ ಇಸಿಜಿ. ಡಾಕ್ಟರು ಮತ್ತೆ ಬನ್ನಿ ಅಂದ ದಿನ ತಪ್ಪದೆ ಹೋಗಿ. ಮನೆಯಲ್ಲಿ ಮೂತ್ರ ಮಾಡುತ್ತಿದೆಯಾ, ಅದರ ಬಣ್ಣ ಏನು, ವಸಡು ಹಳದಿಯಾಗಿದೆಯಾ ಅಂತ ದಿನಾ ನೋಡಿ.

ಹೆಜ್ಜೆ 8: ಕಿತ್ತ ಜಾಗದಲ್ಲಿ ಏನು ಹಚ್ಚಬೇಕು

ಗುಲಾಬಿ, ಮಲ್ಲಿಗೆ, ಜರ್ಬೆರಾ ಧೈರ್ಯವಾಗಿ ಹಚ್ಚಿ. ಮನೆಯೊಳಗೆ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್ ಚೆನ್ನಾಗಿ ಬರುತ್ತವೆ. ಎಲೆ ಕಚ್ಚಿದರೆ ಒಂದು ವಾಂತಿ ಆಗಬಹುದು, ಅದಕ್ಕಿಂತ ಹೆಚ್ಚಿಲ್ಲ.

ಒಂದು ಮಾತು ನೆನಪಿಡಿ, ನಾಯಿ-ಬೆಕ್ಕು ಹಸಿರು ಕಚ್ಚುವುದನ್ನು ಬಿಡಿಸಲು ಆಗುವುದಿಲ್ಲ. ಅದು ಅವುಗಳ ಗುಣ. ಕಚ್ಚಲು ಒಳ್ಳೆಯದೊಂದು ಇಟ್ಟುಬಿಟ್ಟರೆ ಕೆಟ್ಟದ್ದರ ಕಡೆ ಹೋಗುವುದು ಕಡಿಮೆಯಾಗುತ್ತದೆ. ನಮ್ಮ ಟೆರೇಸಿನ ಮೂಲೆಯಲ್ಲಿ ಕರಿಯನಿಗಾಗಿಯೇ ಒಂದು ಅಗಲ ಕುಂಡದಲ್ಲಿ ಗರಿಕೆ ಬೆಳೆಸಿದ್ದೇನೆ. ಹೊಟ್ಟೆ ಸರಿಯಿಲ್ಲ ಅನಿಸಿದಾಗ ತಾನೇ ಹೋಗಿ ಹತ್ತು ಎಸಳು ಕಿತ್ತು ತಿಂದು ಬರುತ್ತಾನೆ. ಬೆಕ್ಕಿಗೆ ಗೋಧಿ ಹುಲ್ಲು ಇಷ್ಟ. ಒಂದು ಮುಷ್ಟಿ ಗೋಧಿಯನ್ನು ರಾತ್ರಿ ನೆನೆಸಿ, ಹಳೇ ತಾಟಿನಲ್ಲಿ ಎರಡು ಬೆರಳು ಮಣ್ಣು ಹಾಕಿ ಉದುರಿಸಿ, ತೆಳ್ಳಗೆ ಮುಚ್ಚಿ, ದಿನಾ ನೀರು ಚಿಮುಕಿಸಿ. ವಾರದಲ್ಲಿ ಬೆರಳುದ್ದ ಬರುತ್ತದೆ. ಬಾಗಿಹೋದ ಮೇಲೆ ಎಸೆದು ಹೊಸದು ಬಿತ್ತಿ. ಅಂಗಡಿಯ ಗೋಧಿಯೇ ಸಾಕು, ಆದರೆ ಬಿತ್ತನೆಗೆ ಅಂತ ಔಷಧಿ ಹಚ್ಚಿದ ಬೀಜ ಬೇಡ.

ಮನೆಯಲ್ಲಿ ಜೋಳದ ಡಬ್ಬಿ ಗೋಧಿಗಿಂತ ಕೈಗೆ ಹತ್ತಿರ ಇರುತ್ತದೆ ಅಂತ ಜೋಳ ಮಾತ್ರ ಬಿತ್ತಬೇಡಿ. ದನವನ್ನು ಬೀಳಿಸುವ ಅದೇ ಸೈನೈಡು ಮೊಳಕೆಯೊಡೆದ ಎಳೆ ಜೋಳದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ.